ತಾಲ್, ಅಲೆಖಿನ್, ಕಾಸ್ಪರೋವ್: ಯಾರ ಟಿಪ್ಪಣಿ ಹಿಡಿದು ಕೂರೋದು?

ಆಕ್ರಮಣದ ಚೆಸ್ ಕಲಿಯಬೇಕು ಅಂತ ಹೊರಟವರು ಮೊದಲು ಯಾರಾದರೂ ಚಾಂಪಿಯನ್‌ನ ಪುಸ್ತಕ ತರಿಸಿಕೊಳ್ಳುತ್ತಾರೆ. ನಾನೂ ತರಿಸಿಕೊಂಡಿದ್ದೆ. ಒಂದು ವಾರ ರಾತ್ರಿ ಊಟ ಆದ ಮೇಲೆ ಹಲಗೆ ಹಾಕಿಕೊಂಡು ಮಿಖಾಯಿಲ್ ತಾಲ್ ಆಟಗಳನ್ನು ಒಂದಾದ ಮೇಲೊಂದು ಆಡಿಸಿ ನೋಡಿದೆ. ಭಾನುವಾರ ಒಂದು ಸಣ್ಣ ಟೂರ್ನಿ ಇತ್ತು. ಎರಡನೇ ಸುತ್ತಿನಲ್ಲಿ ಎದುರಿಗೆ ಕೂತಿದ್ದ ಹುಡುಗನಿಗೆ ಹನ್ನೆರಡು ವರ್ಷ ಇರಬಹುದು. ಎಚ್7ರಲ್ಲಿ (ಹಲಗೆಯ ಉದ್ದಸಾಲಿಗೆ ಎಯಿಂದ ಎಚ್ ಅಕ್ಷರ, ಅಡ್ಡಸಾಲಿಗೆ 1ರಿಂದ 8 ಅಂಕಿ, ಎರಡೂ ಸೇರಿದರೆ ಚೌಕದ ಹೆಸರು) ನನ್ನ ಒಂಟೆ ಕೊಟ್ಟೆ, ಕೈ ಸ್ವಲ್ಪ ನಡುಗುತ್ತಿತ್ತು. ಅವನು ಅದನ್ನು ತಿಂದ. ಕುದುರೆ ಜಿ5ಕ್ಕೆ ಹಾರಿ ಚೆಕ್, ಅಂದರೆ ರಾಜನ ಮೇಲೆ ನೇರ ದಾಳಿ. ಅವನ ರಾಜ ಜಿ6ಕ್ಕೆ ನಡೆದು ಬಂದ. ಮಂತ್ರಿಯಿಂದ ಇನ್ನೊಂದು ಚೆಕ್. ಅವನು ಎಫ್5ಕ್ಕೆ ಕಾಲಾಳು ತಳ್ಳಿ ನೀರಿನ ಬಾಟಲಿ ತೆಗೆದು ಎರಡು ಗುಟುಕು ಕುಡಿದ. ನನ್ನ ಹತ್ತಿರ ಇನ್ನು ಚೆಕ್ ಇರಲಿಲ್ಲ. ಒಂಟೆಯೂ ಇರಲಿಲ್ಲ.

ಅವತ್ತು ಮನೆಗೆ ಬಂದು ಪುಸ್ತಕ ತೆಗೆದಾಗ ಗೊತ್ತಾಯಿತು, ನಾನು ಓದಿದ್ದು ಬರೀ ನಡೆಗಳನ್ನು. ನಡೆಯ ಪಕ್ಕ ‘ಒಳ್ಳೆಯ ನಡೆ’ ಅನ್ನುವ ಆಶ್ಚರ್ಯ ಚಿಹ್ನೆ ಕಂಡರೆ ಖುಷಿ, ಕೆಳಗಿನ ನಾಲ್ಕು ಸಾಲು ಟಿಪ್ಪಣಿ ಕಂಡರೆ ಪುಟ ಮಗುಚುವುದು. ಅಷ್ಟಕ್ಕೆ ಪುಸ್ತಕ ಯಾಕೆ ಬೇಕು? ನಡೆಗಳು ಇಂಟರ್ನೆಟ್‌ನಲ್ಲಿ ಸುಮ್ನೆ ಸಿಗುತ್ತವೆ. ದುಡ್ಡು ಕೊಟ್ಟು ತರುವುದು ಟಿಪ್ಪಣಿಗೋಸ್ಕರ.

ಹಾಗಾಗಿ ಈ ಹೋಲಿಕೆಯಲ್ಲಿ ಯಾರ ಆಟ ಜಾಸ್ತಿ ಚೆಂದ ಅನ್ನುವ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ. ಅದಕ್ಕೆ ಕೊನೆ ಇಲ್ಲ. ನಾನು ನೋಡುವುದು ಒಂದೇ ವಿಷಯ. ಹಲಗೆ ಮುಂದೆ ಕೂತಾಗ ತನಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ ಅನ್ನೋದನ್ನು ಟಿಪ್ಪಣಿ ಬರೆದವರು ಎಷ್ಟು ಬಿಚ್ಚಿ ಹೇಳುತ್ತಾರೆ? ನಮ್ಮಂಥವರು ಸೋಲುವುದು ಆ ಅನುಮಾನದ ಜಾಗದಲ್ಲೇ ಅಲ್ವಾ?

(ಪದಗಳ ಬಗ್ಗೆ ಒಂದು ಮಾತು. ಪತ್ರಿಕೆಗಳು ಈಗ ರಾಣಿ, ಕ್ವೀನ್ ಅಂತ ಬರೆಯುತ್ತವೆ. ನಾನು ಕಲಿತ ಮನೆಯಲ್ಲಿ ಅವನು ಮಂತ್ರಿ. ಇಲ್ಲೂ ಮಂತ್ರಿಯೇ.)

ತಾಲ್: 1960ರ 21 ಆಟಗಳು

ತಾಲ್ ಹುಟ್ಟಿದ್ದು 1936ರಲ್ಲಿ, ಲಾಟ್ವಿಯಾದ ರೀಗಾದಲ್ಲಿ. 23ನೇ ವಯಸ್ಸಿಗೆ ಮಾಸ್ಕೋದಲ್ಲಿ ಮಿಖಾಯಿಲ್ ಬೊಟ್ವಿನ್ನಿಕ್ ಅವರನ್ನು 12.5–8.5ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಆರು ಗೆಲುವು, ಎರಡು ಸೋಲು, 13 ಡ್ರಾ. ಆ ಪಂದ್ಯದ ಅಷ್ಟೂ ಆಟಗಳಿಗೆ ಅವರೇ ಟಿಪ್ಪಣಿ ಬರೆದು ಪುಸ್ತಕ ಮಾಡಿದರು. ನನ್ನ ಪ್ರಕಾರ ಆಕ್ರಮಣ ಕಲಿಯುವವರು ಶುರು ಮಾಡಬೇಕಾದ ಜಾಗ ಇದು.

ಇದು ಆರಿಸಿದ ಆಟಗಳ ಸಂಗ್ರಹ ಅಲ್ಲ. ‘ನನ್ನ ಅತ್ಯುತ್ತಮ ಆಟಗಳು’ ಅಂತ ಯಾರಾದರೂ ಪುಸ್ತಕ ಮಾಡಿದರೆ ಅದರಲ್ಲಿ ಬಲಿ ಕೊಟ್ಟ ಕಾಯಿಗಳೆಲ್ಲ ಫಲ ಕೊಟ್ಟೇ ಇರುತ್ತವೆ. ಕೊಡದೇ ಇದ್ದವು ಪುಸ್ತಕಕ್ಕೆ ಬರುವುದೇ ಇಲ್ಲ. ಅಂಥದ್ದನ್ನೇ ಓದುತ್ತಾ ಹೋದರೆ ‘ಕೊಟ್ಟರೆ ಗೆಲ್ಲುತ್ತೇವೆ’ ಅನ್ನೋ ಭ್ರಮೆ ತಲೆಗೆ ಏರುತ್ತದೆ. ನನ್ನ ಎಚ್7 ಅಲ್ಲಿಂದಲೇ ಬಂದಿದ್ದು. ಒಂದು ಪಂದ್ಯದ ಎಲ್ಲಾ ಆಟಗಳು ಇದ್ದಾಗ ಬೋರ್ ಹೊಡೆಸುವ ಡ್ರಾಗಳೂ ಬರುತ್ತವೆ, ಸೋತವೂ ಬರುತ್ತವೆ.

ಆರನೇ ಆಟವನ್ನೇ ನೋಡಿ. ತಾಲ್ ಕಪ್ಪು, ಆಟದ ಶುರು ಕಿಂಗ್ಸ್ ಇಂಡಿಯನ್ ಅನ್ನೋ ಪದ್ಧತಿಯಲ್ಲಿ. 21ನೇ ನಡೆಯಲ್ಲಿ ಎಚ್5ರಲ್ಲಿದ್ದ ಕುದುರೆಯನ್ನು ಎಫ್4ಕ್ಕೆ ಇಡುತ್ತಾರೆ. ಬಿಳಿಯ ಜಿ3 ಕಾಲಾಳು ಅದನ್ನು ಸುಮ್ನೆ ತಿನ್ನಬಹುದು. ತಿಂದರೆ ಕಪ್ಪಿನ ಇ5 ಕಾಲಾಳು ಎಫ್4ಕ್ಕೆ ಸರಿಯುತ್ತದೆ. ಅಷ್ಟು ಹೊತ್ತು ಜಿ7ರಲ್ಲಿ ಕತ್ತಲಲ್ಲಿ ಕೂತಿದ್ದ ಒಂಟೆಗೆ ಆಗ ಇಡೀ ಕರ್ಣ ತೆರೆದುಕೊಳ್ಳುತ್ತದೆ. ಮಂತ್ರಿ ಆಗಲೇ ಬಿ4ರಲ್ಲಿ ನಿಂತು ಬಿ2 ಮೇಲೆ ಕಣ್ಣಿಟ್ಟಿದ್ದಾನೆ. ಒಂದು ಕುದುರೆ ಹೋಗಿ ಮೂರು ಕಾಯಿಗೆ ಜೀವ ಬಂದ ಹಾಗೆ. ಸಭಾಂಗಣದಲ್ಲಿ ಗದ್ದಲ ಎಷ್ಟಾಯಿತು ಅಂದರೆ ಆಟವನ್ನು ಹಿಂದಿನ ಕೋಣೆಗೆ ಸಾಗಿಸಬೇಕಾಯಿತು.

ಆಮೇಲೆ ವಿಶ್ಲೇಷಣೆ ಮಾಡಿದವರು ಬೊಟ್ವಿನ್ನಿಕ್‌ಗೆ ದಾರಿ ಇತ್ತು ಅಂತ ತೋರಿಸಿದರು. 25ನೇ ನಡೆಯಲ್ಲಿ ಆನೆಯಿಂದ ಮಂತ್ರಿ ಹೊಡೆಯುವ ಬದಲು ಒಂಟೆಯಿಂದ ಎಫ್3ರ ಕಾಲಾಳು ಹೊಡೆದಿದ್ದರೆ ಬಿಳಿಯದೇ ಮೇಲುಗೈ ಆಗುತ್ತಿತ್ತು. ಹಾಗಾದರೆ ಕುದುರೆ ಕೊಟ್ಟಿದ್ದು ತಪ್ಪಾ? ಟಿಪ್ಪಣಿ ಓದುವವರಿಗೆ ಕಾಣುವುದು ಬೇರೆ. ಆ ಸ್ಥಿತಿಯಲ್ಲಿ ಕಪ್ಪಿಗೆ ಬೇರೆ ನಡೆಗಳೂ ಸುಖವಾಗಿರಲಿಲ್ಲ. ಎಲ್ಲಾ ಕಾಯಿಗಳೂ ಸಿದ್ಧವಾಗಿ ನಿಂತಿದ್ದವು, ಎದುರಾಳಿಯ ಗಡಿಯಾರ ಓಡುತ್ತಿತ್ತು. ಗಡಿಯಾರ ಓಡುವಾಗ ಸರಿ ಉತ್ತರ ಹುಡುಕುವುದೇ ಒಂದು ಕೆಲಸ. ಆ ಕೆಲಸವನ್ನು ಎದುರಾಳಿಯ ತಲೆಗೆ ಕಟ್ಟುವುದು ತಾಲ್ ಆಟದ ಒಳಗುಟ್ಟು.

ಇಲ್ಲಿಗೇ ಪುಸ್ತಕ ಮುಚ್ಚಿದರೆ ಮತ್ತೆ ನನ್ನ ಗತಿಯೇ. ಮೂರು ಆಟ ಬಿಟ್ಟು ಒಂಬತ್ತನೆಯದಕ್ಕೆ ಬನ್ನಿ. ತಾಲ್ ಬಿಳಿ, ಎದುರಿಗೆ ಕಾರೋ-ಕಾನ್ ಅನ್ನೋ ಶುರುವಿನ ಪದ್ಧತಿ. 11ನೇ ನಡೆಯಲ್ಲೇ ಕುದುರೆ ಇ6ಕ್ಕೆ ನುಗ್ಗುತ್ತದೆ. ಕಾಲಾಳು ತಿನ್ನುತ್ತದೆ, ಒಂಟೆ ಬಂದು ಇ6ರಲ್ಲಿ ಕೂರುತ್ತದೆ. ಕಪ್ಪು ರಾಜ ಇನ್ನೂ ನಡುವಲ್ಲೇ ಇದ್ದಾನೆ. ನೋಡಿದರೆ ಭಯಂಕರ ಬಲಿ. ಬೊಟ್ವಿನ್ನಿಕ್ ಗಾಬರಿ ಆಗಲಿಲ್ಲ. ನಿಧಾನವಾಗಿ ಕಾಯಿಗಳನ್ನು ಹೊರಗೆ ತಂದರು, ಬಿಕ್ಕಟ್ಟು ಬಿಡಿಸಿದರು, ಗೆದ್ದರು. ಎಂಟನೇ ಆಟವನ್ನೂ ಅವರೇ ಗೆದ್ದಿದ್ದರು. ಪಂದ್ಯದಲ್ಲಿ ತಾಲ್ ಕಂಡ ಎರಡೂ ಸೋಲು ಬೆನ್ನು ಬೆನ್ನಿಗೆ ಬಂದವು.

ಆರು ಮತ್ತು ಒಂಬತ್ತನ್ನು ಪಕ್ಕ ಪಕ್ಕ ಇಟ್ಟು ನೋಡಿ. ಅದೇ ಆಟಗಾರ, ಅದೇ ಎದುರಾಳಿ, ಎರಡರಲ್ಲೂ ಕುದುರೆಯೇ ಬಲಿ. ಒಂದರಲ್ಲಿ ಕಪ್ಪಿನ ಎರಡು ಆನೆ, ಮಂತ್ರಿ, ಎರಡೂ ಒಂಟೆ ಎಲ್ಲಾ ಮೊದಲೇ ಕಾದು ನಿಂತಿದ್ದವು. ಇನ್ನೊಂದರಲ್ಲಿ ಬಿಳಿಯ ಅರ್ಧ ಸೈನ್ಯ ಇನ್ನೂ ಮನೆಯಲ್ಲೇ. ನನಗೆ ಬಲಿ ಅಂದರೆ ಏನು ಅಂತ ಯಾರೂ ಇಷ್ಟು ಸರಳವಾಗಿ ಹೇಳಿಕೊಟ್ಟಿರಲಿಲ್ಲ.

ಇದರಲ್ಲಿ ಕೊರತೆ ಇಲ್ಲವಾ? ಇದೆ. ಓಪನಿಂಗ್ (ಆಟದ ಶುರುವಿನ ನಡೆಗಳು) ಮಾಹಿತಿ ಹಳೆಯದು, ಅದನ್ನು ನಂಬಿ ಆಡಬೇಡಿ. ತಾಲ್ ಬರೆದ ಲೆಕ್ಕಾಚಾರದ ಸಾಲುಗಳಲ್ಲಿ ಇವತ್ತಿನ ಇಂಜಿನ್ (ಚೆಸ್ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂ) ತೂತು ಹುಡುಕುತ್ತದೆ. ಹುಡುಕಲಿ ಬಿಡಿ.

ತಾಲ್: ತನ್ನ ಬದುಕಿನ ಕಥೆ

ತಾಲ್ ಅವರ ಇನ್ನೊಂದು ದೊಡ್ಡ ಪುಸ್ತಕ ಆತ್ಮಕಥೆ ಮತ್ತು ಆಟಗಳು ಸೇರಿದ್ದು. ಒಬ್ಬ ಪತ್ರಕರ್ತ ಮತ್ತು ಒಬ್ಬ ಚೆಸ್ ಆಟಗಾರ ಮಾತಾಡಿಕೊಳ್ಳುವ ಹಾಗೆ ಬರೆದಿದ್ದಾರೆ. ಮಜಾ ಏನೆಂದರೆ ಇಬ್ಬರೂ ತಾಲ್ ಅವರೇ. ಅವರು ಚೆಸ್ ಪತ್ರಿಕೆಯ ಸಂಪಾದಕರೂ ಆಗಿದ್ದವರು, ಪ್ರಶ್ನೆ ಕೇಳುವುದು ಅವರಿಗೆ ಗೊತ್ತಿತ್ತು.

ಇದರಲ್ಲಿ ಬರುವ ನೀರಾನೆಯ ಕಥೆ ಚೆಸ್ ಆಡುವವರ ನಡುವೆ ತುಂಬಾ ಓಡಾಡಿದೆ. ಸೋವಿಯತ್ ಚಾಂಪಿಯನ್‌ಶಿಪ್‌ನಲ್ಲಿ ವಾಸ್ಯುಕೋವ್ ವಿರುದ್ಧದ ಆಟ. ಕುದುರೆ ಬಲಿ ಕೊಡಬೇಕಾ ಬೇಡವಾ ಅಂತ ಲೆಕ್ಕ ಹಾಕುತ್ತಿದ್ದಾರೆ. ಕವಲು ಒಡೆದು ಕವಲು, ತಲೆ ಗೊಂದಲದ ಗೂಡು. ಆಗ ಇದ್ದಕ್ಕಿದ್ದಂತೆ ಮಕ್ಕಳ ಕವಿ ಚುಕೋವ್‌ಸ್ಕಿಯ ಸಾಲು ನೆನಪಿಗೆ ಬರುತ್ತದೆ: ಕೆಸರಿನಿಂದ ನೀರಾನೆಯನ್ನು ಎಳೆಯುವುದು ಎಷ್ಟು ಕಷ್ಟ ಅನ್ನೋ ಸಾಲು. ಸರಿ, ಹೇಗೆ ಎಳೆಯಬಹುದು ಅಂತ ಯೋಚನೆ ಶುರು. ಜಾಕ್ ಹಾಕಬೇಕಾ, ಹೆಲಿಕಾಪ್ಟರ್ ತರಿಸಬೇಕಾ, ಹಗ್ಗದ ಏಣಿ ಬಿಡಬೇಕಾ? ಯಾವುದೂ ಆಗಲ್ಲ ಅನ್ನಿಸಿ, ಮುಳುಗಿ ಹೋಗಲಿ ಅಂತ ಕೈಬಿಡುತ್ತಾರೆ. ನೀರಾನೆ ಹೋದ ಮೇಲೆ ಹಲಗೆ ತಿಳಿಯಾಗಿ ಕಾಣುತ್ತದೆ. ಕುದುರೆ ಕೊಡುತ್ತಾರೆ, ಗೆಲ್ಲುತ್ತಾರೆ. ಮರುದಿನ ಪೇಪರ್‌ನಲ್ಲಿ ಬಂದಿದ್ದು, ತಾಲ್ 40 ನಿಮಿಷ ಕರಾರುವಾಕ್ಕಾಗಿ ಲೆಕ್ಕ ಹಾಕಿ ಬಲಿ ಕೊಟ್ಟರು ಅಂತ!

ಈ ಥರ ಬರೆಯುವ ಚಾಂಪಿಯನ್ ನನಗೆ ಬೇರೆ ಸಿಕ್ಕಿಲ್ಲ. ಪುಸ್ತಕ ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸು ಬರುವುದಿಲ್ಲ. ಆದರೆ ‘ಕಲಿಕೆ’ ಅನ್ನೋ ಲೆಕ್ಕದಲ್ಲಿ ನೋಡಿದರೆ 1960ರ ಪುಸ್ತಕಕ್ಕಿಂತ ಇದು ಸ್ವಲ್ಪ ಹಿಂದೆ. ಆಟಗಳು ಜಾಸ್ತಿ, ಒಂದೊಂದು ಆಟಕ್ಕೆ ಸಿಗುವ ಟಿಪ್ಪಣಿ ಕಮ್ಮಿ. ಮಲಗುವ ಮುಂಚೆ ಓದಲು ಇದು, ಮೇಜಿನ ಮೇಲೆ ಹಲಗೆ ಹಾಕಿ ಕೂರಲು ಅದು. ಒಂದನ್ನೇ ಕೊಳ್ಳುವ ಹಾಗಿದ್ದು ನಿಮಗೆ ಚೆಸ್ ಬಗ್ಗೆ ಬೇಜಾರು ಹತ್ತಿದ್ದರೆ ಇದನ್ನೇ ಕೊಳ್ಳಿ.

ಅಲೆಖಿನ್: ಕಟ್ಟಡ ಕಟ್ಟುವುದು ನೋಡಬೇಕಾದರೆ

ಕೆಲವರ ಸಮಸ್ಯೆ ಬಲಿ ಅಲ್ಲವೇ ಅಲ್ಲ. ಅವರ ಆಟದಲ್ಲಿ ಬಲಿ ಕೊಡುವ ಸಂದರ್ಭವೇ ಹುಟ್ಟುವುದಿಲ್ಲ. 20 ನಡೆ ಆದರೂ ಎದುರಾಳಿಯ ರಾಜ ಆರಾಮಾಗಿ ಕೂತಿರುತ್ತಾನೆ. ಅಂಥವರಿಗೆ ತಾಲ್‌ಗಿಂತ ಅಲೆಕ್ಸಾಂಡರ್ ಅಲೆಖಿನ್ ಒಳ್ಳೆಯ ಮೇಷ್ಟ್ರು.

ಅಲೆಖಿನ್ 1892ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ 34 ಆಟ ಆಡಿ ಕಾಪಾಬ್ಲಾಂಕಾ ಅವರಿಂದ ಪಟ್ಟ ಕಿತ್ತುಕೊಂಡರು. ತಮ್ಮ ಆಟಗಳ ಎರಡು ಸಂಪುಟ ಬರೆದರು, ಮೊದಲನೆಯದು 1908ರಿಂದ 1923, ಎರಡನೆಯದು 1924ರಿಂದ 1937. ಅವರ ಟಿಪ್ಪಣಿಯಲ್ಲಿ ಮಾತು ಜಾಸ್ತಿ, ಉದ್ದುದ್ದ ಲೆಕ್ಕದ ಸಾಲು ಕಮ್ಮಿ. ಈ ಚೌಕ ದುರ್ಬಲ, ಆದ್ದರಿಂದ ಈ ಕಾಯಿ ಅಲ್ಲಿಗೆ ಹೋಗಬೇಕು, ಅದಕ್ಕೆ ಮೊದಲು ಇದನ್ನು ತಡೆಯಬೇಕು. ಇಟ್ಟಿಗೆ ಮೇಲೆ ಇಟ್ಟಿಗೆ.

ಬಾಡೆನ್-ಬಾಡೆನ್‌ನಲ್ಲಿ 1925ರಲ್ಲಿ ರೇತಿ ವಿರುದ್ಧ ಆಡಿದ್ದು ಅತಿ ಪ್ರಸಿದ್ಧ. ಮಧ್ಯದಲ್ಲಿ ಕಪ್ಪು ಆನೆ ಬಿಳಿಯ ಮನೆಯೊಳಗೆ ಇ3ರಲ್ಲಿ ಬಂದು ನಿಲ್ಲುತ್ತದೆ. ಎಫ್2ರ ಕಾಲಾಳು ತಿನ್ನಬಹುದು. ತಿಂದರೆ ಜಿ3 ಕಾಲಾಳಿಗೆ ಕಾವಲು ತಪ್ಪಿ, ಸಿ7ರಲ್ಲಿರುವ ಮಂತ್ರಿ ಅಲ್ಲಿ ನುಗ್ಗುತ್ತಾನೆ. ಆನೆ ಕಂಡು ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ನೀವು ಅಲ್ಲಿಗೆ ಬರುವ ಮುಂಚಿನ ಹತ್ತು ನಡೆ ನೋಡಿ. ಎಚ್ ಕಾಲಾಳು ಮುಂದೆ ಹೋಗಿ ಜಿ3ರಲ್ಲಿ ಬದಲಾಯಿಸಿಕೊಂಡಿದ್ದು ಯಾಕೆ, ಮಂತ್ರಿ ಸಿ7ಕ್ಕೆ ಯಾಕೆ ಬಂದ? ಇವಿಲ್ಲದಿದ್ದರೆ ಇ3ರ ಆನೆ ಬರೀ ದಾನ. ಇನ್ನೊಂದು ವಿಷಯ, ಆ ಆಟ ಮುಗಿದಿದ್ದು ಮೇಟ್‌ನಿಂದ, ಅಂದರೆ ರಾಜ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದು, ಅಲ್ಲ. ಆಕ್ರಮಣದ ಹೊಡೆತಕ್ಕೆ ಕಾಯಿಗಳೆಲ್ಲ ಚೆದುರಿ, ಕಡೆಗೆ ಬಿಳಿಗೆ ಒಂದು ಕಾಯಿ ಉಳಿಸಿಕೊಳ್ಳುವ ದಾರಿ ಇಲ್ಲದೆ ಮುಗಿಯಿತು.

ಅಲೆಖಿನ್ ಜೊತೆ ನನ್ನ ತಕರಾರು ಒಂದೇ. ಎಲ್ಲವೂ ಮೊದಲೇ ಗೊತ್ತಿತ್ತು ಅನ್ನೋ ಧಾಟಿ. ಓಪನಿಂಗ್‌ನಲ್ಲಿ ಇಟ್ಟ ಕಾಲಾಳಿಗೂ ಕೊನೆಯ ಹೊಡೆತಕ್ಕೂ ನೇರ ದಾರ ಕಟ್ಟಿ ತೋರಿಸುತ್ತಾರೆ. ನಿಜವಾದ ಆಟ ಹಾಗಿರುತ್ತದಾ? ಅಂದ ಹೆಚ್ಚಿಸಲು ಅವರು ಸತ್ಯವನ್ನೂ ಸ್ವಲ್ಪ ಬಗ್ಗಿಸಿದ್ದಾರೆ. 1915ರಲ್ಲಿ ಮಾಸ್ಕೋದಲ್ಲಿ ಗ್ರಿಗೊರಿಯೆವ್ ವಿರುದ್ಧ ಆಡಿದ ಆಟ ಅಂತ ಒಂದನ್ನು ಕೊಟ್ಟಿದ್ದಾರೆ, ಹಲಗೆ ಮೇಲೆ ಒಟ್ಟಿಗೆ ಐದು ಮಂತ್ರಿಗಳು! (ಕೊನೆಯ ಸಾಲು ಮುಟ್ಟಿದ ಕಾಲಾಳು ಮಂತ್ರಿ ಆಗಬಹುದು.) ಆಮೇಲೆ ಹುಡುಕಿದವರಿಗೆ ಗೊತ್ತಾಗಿದ್ದು, ನಿಜವಾದ ಆಟ ಆ ದಾರಿಗೆ ಹೋಗಿರಲೇ ಇಲ್ಲ. ಐದು ಮಂತ್ರಿಗಳು ಬರುವುದು ವಿಶ್ಲೇಷಣೆಯಲ್ಲಿ ಮಾತ್ರ. ನಮ್ಮಜ್ಜಂದಿರು ಬೇಟೆ ಕಥೆ ಹೇಳುವಾಗ ಹುಲಿ ವರ್ಷ ವರ್ಷ ಉದ್ದ ಆಗುತ್ತಿತ್ತಲ್ಲ, ಹಾಗೆ. ಓದಿ, ಆದರೆ ‘ಇದು ಮುಗಿದ ಮೇಲೆ ಬರೆದಿದ್ದು’ ಅನ್ನೋದು ತಲೆಯಲ್ಲಿರಲಿ.

ಕೊಳ್ಳುವಾಗ ಒಂದು ಎಚ್ಚರ. ಹಳೆಯ ಇಂಗ್ಲಿಷ್ ಮುದ್ರಣಗಳು ಹಳೆಯ ನೋಟೇಶನ್‌ನಲ್ಲಿ, ಅಂದರೆ ನಡೆ ಬರೆಯುವ ಹಳೆಯ ಪದ್ಧತಿಯಲ್ಲಿವೆ. ಇ4 ಅನ್ನುವ ಜಾಗದಲ್ಲಿ ‘ಪಿ-ಕೆ4’ ಅಂತಿರುತ್ತದೆ. ಕಪ್ಪಿನ ಕಡೆಯಿಂದ ಅದೇ ‘ಪಿ-ಕೆ4’ ಅಂದರೆ ಇ5. ಕಲಿಯಲು ಕಷ್ಟ ಏನಿಲ್ಲ, ಆದರೆ ದಿನಕ್ಕೆ ಅರ್ಧ ಗಂಟೆ ಸಿಗುವವರು ಆ ಅರ್ಧ ಗಂಟೆಯನ್ನು ಅನುವಾದಕ್ಕೆ ಯಾಕೆ ಸುರಿಯಬೇಕು? ಹಳೆ ಪುಸ್ತಕದ ಅಂಗಡಿಯಲ್ಲಿ ನಡುವಿನ ಒಂದು ಪುಟ ತೆರೆದು ನೋಡಿಕೊಂಡು ದುಡ್ಡು ಕೊಡಿ. ಹೊಸ ನೋಟೇಶನ್‌ನ ಮುದ್ರಣಗಳೂ ಬಂದಿವೆ.

ಕಾಸ್ಪರೋವ್: ಕಾಡು

ಗ್ಯಾರಿ ಕಾಸ್ಪರೋವ್ 1985ರಿಂದ 2000ದವರೆಗೆ ಚಾಂಪಿಯನ್. ಬಾಕುವಿನ ಹುಡುಗ, ಕಲಿತಿದ್ದು ಬೊಟ್ವಿನ್ನಿಕ್ ಶಾಲೆಯಲ್ಲಿ. ತನ್ನ ಆಟಕ್ಕೆ ತಾನೇ ಟಿಪ್ಪಣಿ ಬರೆದು ಬೇರೆಯವರ ಟೀಕೆಗೆ ಒಡ್ಡಬೇಕು ಅನ್ನುವುದು ಬೊಟ್ವಿನ್ನಿಕ್ ಪಾಠ. ಶಿಷ್ಯ ಅದನ್ನು ಎಷ್ಟು ಗಂಭೀರವಾಗಿ ತಗೊಂಡರು ಅಂದರೆ, ಯೌವನದಲ್ಲಿ ಬರೆದ ಟಿಪ್ಪಣಿಗಳನ್ನು ಮುಂದೆ ದೊಡ್ಡ ಸಂಪುಟಗಳಲ್ಲಿ ತಾವೇ ತಿದ್ದಿದರು.

ಅವರ ಅತಿ ಪ್ರಸಿದ್ಧ ಆಟ 1999ರಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀಯಲ್ಲಿ ಟೋಪಲೋವ್ ವಿರುದ್ಧ ಆಡಿದ್ದು. 24ನೇ ನಡೆಯಲ್ಲಿ ಆನೆ ಡಿ4ರ ಕಾಲಾಳನ್ನು ಹೊಡೆಯುತ್ತದೆ. ಟೋಪಲೋವ್ ಆನೆ ತಿಂದರು. ಅಲ್ಲಿಂದ ಕಪ್ಪು ರಾಜನ ಪಾದಯಾತ್ರೆ ಶುರು. ಎ7ರಿಂದ ಹೊರಟವನು ಎ5, ಎ4, ಎ3 ದಾಟಿ, ಬಿ4, ಸಿ3 ಹಾದು, ಕೊನೆಗೆ ಬಿಳಿಯ ಮನೆಯೊಳಗೇ ಡಿ1ರಲ್ಲಿ ಬಂದು ನಿಲ್ಲುತ್ತಾನೆ. ಆನೆ ತಿನ್ನದೆ ರಾಜನನ್ನು ಸುಮ್ನೆ ಬಿ6ಕ್ಕೆ ಸರಿಸಿದ್ದರೆ ಕಪ್ಪಿಗೆ ತೊಂದರೆ ಇರಲಿಲ್ಲ. ಇದನ್ನೆಲ್ಲ ಟಿಪ್ಪಣಿ ಮುಚ್ಚಿಡುವುದಿಲ್ಲ.

ಹಾಗಾದರೆ ಇದೇ ಎಲ್ಲಕ್ಕಿಂತ ಒಳ್ಳೆಯದಲ್ಲವಾ? ನಿಜ ಹೇಳುತ್ತೇನೆ, ನಾನು ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟೆ. ಒಂದು ನಡೆಗೆ ಅರ್ಧ ಪುಟ ಕವಲು, ಅಂದರೆ ‘ಹೀಗೆ ಆಡಿದ್ದರೆ ಹಾಗೆ’ ಅನ್ನುವ ಸಾಲುಗಳು. ಹಲಗೆ ಮೇಲೆ ಆಡಿಸುತ್ತಾ ಹೋದರೆ ಮೂಲ ಸ್ಥಿತಿ ಎಲ್ಲಿತ್ತು ಅನ್ನೋದೇ ಮರೆತುಹೋಗುತ್ತದೆ. ಎರಡು ಹಲಗೆ ಇಟ್ಟುಕೊಳ್ಳಿ ಅಂತ ಹಳಬರು ಹೇಳುತ್ತಿದ್ದರು, ಒಂದು ಆಟಕ್ಕೆ, ಒಂದು ಕವಲಿಗೆ. ಇಲ್ಲಿ ಎರಡೂ ಸಾಲುವುದಿಲ್ಲ. ಎರಡು ಸಾವಿರದ ಹತ್ತಿರ ರೇಟಿಂಗ್ (ಆಟಗಾರರ ಮಟ್ಟ ಅಳೆಯುವ ಅಂಕ) ಇರುವವರಿಗೆ, ಕೋಚ್ ಜೊತೆ ಕೂರುವ ಮಕ್ಕಳಿಗೆ ಇದು ಚಿನ್ನ. ಉಳಿದವರು ಮೊದಲ ಓದಿನಲ್ಲಿ ಕವಲುಗಳನ್ನು ಪೂರ್ತಿ ಹಾರಿಸಿ, ಮಾತಿನಲ್ಲಿ ಬರೆದಿರುವುದನ್ನಷ್ಟೇ ಓದಿ.

ಬಾಬಿ ಫಿಷರ್ ಹೆಸರು ಯಾಕೆ ಬರಲಿಲ್ಲ ಅಂತ ಕೇಳುವವರಿರುತ್ತಾರೆ. ಅವರು ಆರಿಸಿದ 60 ಆಟಗಳಲ್ಲಿ ಮೂರು ಸೋಲುಗಳನ್ನೂ ಸೇರಿಸಿದ್ದಾರೆ, ಆ ಪ್ರಾಮಾಣಿಕತೆಗೆ ಕೈ ಮುಗಿಯಬೇಕು. ಆದರೆ ಅದು ಬರೀ ಆಕ್ರಮಣದ ಪುಸ್ತಕ ಅಲ್ಲ. ಆನಂದ್ ಆಟಗಳನ್ನು ಮಾತ್ರ ಬಿಡಬೇಡಿ. ಅವರು ಹುಡುಗನಾಗಿದ್ದಾಗ ಆಡಿ ಬೆಳೆದಿದ್ದು ಚೆನ್ನೈನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿದ್ದ ಚೆಸ್ ಕ್ಲಬ್ಬಿನಲ್ಲಿ. ಅದರ ಹೆಸರೇ ತಾಲ್ ಕ್ಲಬ್. 2013ರಲ್ಲಿ ವೈಕ್ ಆನ್ ಜೀಯಲ್ಲಿ ಅರೋನಿಯನ್ ಅವರನ್ನು ಕಪ್ಪು ಕಾಯಿಯಿಂದ 23 ನಡೆಗೆ ಮುಗಿಸಿದರಲ್ಲ, ಆ ಆಟ ನೋಡಿದವರಿಗೆ ರುಬಿನ್‌ಸ್ಟೈನ್ 1907ರಲ್ಲಿ ಆಡಿದ ಆಟ ನೆನಪಾಗಿತ್ತು. ಹಳೆ ಆಟಗಳ ಸಾಲ ಹೀಗೆ ನೂರು ವರ್ಷ ಬಿಟ್ಟು ಬಡ್ಡಿ ಸಮೇತ ವಾಪಸ್ ಬರುತ್ತದೆ.

ಇಂಜಿನ್ ಸಾಕಲ್ವಾ?

ಫೋನ್‌ನಲ್ಲೇ ಸ್ಟಾಕ್‌ಫಿಶ್ ಅನ್ನೋ ಇಂಜಿನ್ ಇದೆ, ಪುಸ್ತಕ ಯಾಕೆ? ತಾಲ್ ಅವರ ಎಫ್4 ನಡೆ ಹಾಕಿ ನೋಡಿ. ಯಾರಿಗೆ ಎಷ್ಟು ಮೇಲುಗೈ ಅನ್ನುವ ಒಂದು ಅಂಕಿ ಬರುತ್ತದೆ. ಆ ಅಂಕಿಗೆ ಗಡಿಯಾರ ಗೊತ್ತಿಲ್ಲ, ಗದ್ದಲ ಗೊತ್ತಿಲ್ಲ, ಎದುರಿಗಿರುವ ಮನುಷ್ಯ ಗೊತ್ತಿಲ್ಲ. ಒಂದು ನಡೆ ಯಾಕೆ ತಪ್ಪು ಅಂತ ಅದು ತೋರಿಸುತ್ತದೆ, ಯಾಕೆ ಅದನ್ನು ಆಡಬೇಕು ಅನ್ನಿಸಿತು ಅಂತ ತೋರಿಸುವುದಿಲ್ಲ. ಇಂಜಿನ್ ಬೇಡ ಅಂತಲ್ಲ, ಅದರ ಸರದಿ ಕೊನೆಗೆ.

ನಾನು ಈಗ ಮಾಡುವುದು ಇಷ್ಟು. ಮಗಳ ಹಳೆಯ ಬಸ್ ಪಾಸ್ ಒಂದಿದೆ, ಅದನ್ನು ಪುಟದ ಮೇಲಿಟ್ಟು ಒಂದೊಂದೇ ಸಾಲು ಕೆಳಗೆ ಜಾರಿಸುತ್ತೇನೆ. ಆಟ ಬಿಸಿಯಾಗುತ್ತಿದೆ ಅನ್ನಿಸಿದ ಕಡೆ ನಿಲ್ಲಿಸಿ ಹತ್ತು ನಿಮಿಷ. ನಾನಾಗಿದ್ದರೆ ಏನು ಆಡುತ್ತಿದ್ದೆ, ಯಾಕೆ ಅಂತ ನೋಟ್‌ಬುಕ್‌ನಲ್ಲಿ ಎರಡು ಸಾಲು. ‘ಯಾಕೆ’ ಬರೆಯದಿದ್ದರೆ ಲೆಕ್ಕಕ್ಕಿಲ್ಲ. ಆಮೇಲೆ ಪಾಸ್ ಸರಿಸಿ ಟಿಪ್ಪಣಿ ಓದುವುದು. ಇಂಜಿನ್ ಮರುದಿನ. ಹೀಗೆ ಮಾಡಿದರೆ ವಾರಕ್ಕೆ ಎರಡು ಆಟ ಮುಗಿದರೆ ಹೆಚ್ಚು. 1960ರ ಪುಸ್ತಕ ನನಗೆ ಐದು ತಿಂಗಳು ಹಿಡಿಯಿತು.

ಆ ನೋಟ್‌ಬುಕ್ ಈಗಲೂ ಇದೆ. ಒಂಬತ್ತನೇ ಆಟದ 11ನೇ ನಡೆಗೆ ನಾನು ಬರೆದದ್ದು: ‘ಕುದುರೆಯಿಂದ ಇ6. ರಾಜ ನಡುವಲ್ಲಿದ್ದಾನೆ, ಬಿಡಬಾರದು.’ ಪಾಸ್ ಸರಿಸಿದೆ. ತಾಲ್ ಕೂಡ ಅದನ್ನೇ ಆಡಿದ್ದರು. ಖುಷಿಗೆ ಪಕ್ಕದಲ್ಲಿ ಹತ್ತಕ್ಕೆ ಹತ್ತು ಅಂತ ಕೆಂಪು ಪೆನ್ನಿನಲ್ಲಿ ಹಾಕಿಕೊಂಡಿದ್ದೇನೆ. ಮುಂದಿನ ಪುಟ ತಿರುಗಿಸಿದ ಮೇಲೆ ಅದೇ ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿದ ಗುರುತೂ ಇದೆ.